ಎರಡನೆಯ ಆವರ್ತ

ಬಟ್ಟೆಯ ಬೀರುವಿನ ಎರಡೂ ಬಾಗಿಲು ತೆರೆದು, ನೇತುಹಾಕಿದ ಬಟ್ಟೆಗಳ ಎದುರಿಗೆ ಕುರ್ಚಿ ಎಳೆದುಕೊಂಡು, ಸ್ಯಾಕ್ಸೊಫೋನಿನಲ್ಲಿ ಉದ್ದನೆಯ ಸ್ವರವೊಂದನ್ನು ಹಿಡಿದು ಕೂತಿದ್ದವನಿಗೆ, ಸ್ವರ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮೇಲಿನ ಮುಂದಿನ ಹಲ್ಲು ಕೂದಲೆಳೆಯಷ್ಟು ಒಳಕ್ಕೆ ಸರಿದಂತಾಯಿತು. ಸ್ವರವನ್ನು ಅಲ್ಲಿಗೇ ಬಿಟ್ಟ. ನಾಲಗೆಯ ತುದಿಯಿಂದ ಹಲ್ಲನ್ನು ತಳ್ಳಿ ನೋಡಿದ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದ. ಅಲ್ಲಾಡಿತು. ತಳ್ಳದೇ ಇದ್ದಿದ್ದರೆ ಅಲ್ಲಾಡುತ್ತಿರಲಿಲ್ಲವೇನೋ ಎಂದು ತನ್ನ ಮೇಲೇ ಸಿಟ್ಟು ಬಂತು. ಬೀರುವಿನೊಳಕ್ಕೆ ನುಡಿಸುವುದು ಅವನ ಹಳೆಯ ಅಭ್ಯಾಸ. ಬರಿಗೋಡೆಗೆ ನುಡಿಸಿದರೆ ಗೋಡೆ ಹೊಗಳುತ್ತದೆ, ಇದ್ದದ್ದಕ್ಕೆ ಇನ್ನಷ್ಟು ಸೇರಿಸಿ ವಾಪಸು ಕೊಡುತ್ತದೆ. ಬಟ್ಟೆಗಳಿಗೆ ಆ ದಾಕ್ಷಿಣ್ಯವಿಲ್ಲ. ಕೊಟ್ಟದ್ದನ್ನೆಲ್ಲ ನುಂಗಿ ಸುಮ್ಮನಿರುತ್ತವೆ. ಹೆಂಡತಿಯ ಚಳಿಗಾಲದ ಉದ್ದನೆಯ ಕೋಟು, ತನ್ನ ಕಪ್ಪು ಸೂಟು, ಮಗಳು ಮದುವೆಯಾಗಿ ಹೋಗುವಾಗ ಬೇಡವೆಂದು ಬಿಟ್ಟುಹೋದ ಹಳದಿ ಸ್ವೆಟರು, ಇವೆಲ್ಲ ಸೇರಿ ಇಷ್ಟು ವರ್ಷ ಅವನ ಸ್ವರಗಳನ್ನು ಮುಖಕ್ಕೆ ತಾಗುವಷ್ಟು ಹತ್ತಿರದಿಂದ ಕೇಳಿವೆ. ಅವುಗಳಿಗೂ ಗೊತ್ತಾಗಿರಬೇಕು ಎಂದುಕೊಂಡು ಬಾಗಿಲು ಮುಚ್ಚಿದ.

"ಯಾಕ್ರೀ ನಿಲ್ಸಿಬಿಟ್ರಿ?" ಎಂದಳು ಹೆಂಡತಿ, ಕಾಫಿ ಹಿಡಿದು ಒಳಗೆ ಬಂದವಳು. ಬಂದವಳೇ ಅವನ ಎಡಕ್ಕೆ ಬಂದು ನಿಂತಳು, ಬಲಗಿವಿ ಅವನ ಕಡೆಗೆ ಬರುವ ಹಾಗೆ. ಅವಳ ಎಡಗಿವಿ ಹೆಚ್ಚುಕಡಿಮೆ ಕೇಳುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿದ್ದ ಕಾಲದಲ್ಲಿ ಮಗುವಿಗೆ ಹಾಲು ಕುಡಿಸುತ್ತ ಮಂಚದ ಆ ಮೂಲೆಯಲ್ಲಿ ಅವಳು, ಈ ಮೂಲೆಯಲ್ಲಿ ಅವನು, ಅವನ ವಾದ್ಯದ ಬಾಯಿ ನೇರ ಅವಳ ಎಡಗಿವಿಗೆ. ವಯಸ್ಸಿಗೆ ಹೀಗೆಲ್ಲ ಆಗುತ್ತದೆ ಎಂದು ಕಿವಿಯ ಡಾಕ್ಟರು ಹೇಳಿದ್ದರು. ಎರಡೂ ಕಿವಿಗೆ ಒಂದೇ ವಯಸ್ಸಲ್ಲವೇ ಎಂದು ಅವನಾಗಲೀ ಅವಳಾಗಲೀ ಕೇಳಲಿಲ್ಲ.

"ರೀಡು ಸರಿಯಿಲ್ಲ" ಎಂದ, ಊದುವ ತುದಿಗೆ ಕಟ್ಟಿದ ಜೊಂಡಿನ ಸೀಳನ್ನು ಬೆರಳಿನಿಂದ ಮುಟ್ಟುತ್ತ.

"ನಿನ್ನೇನೂ ರೀಡೇ ಸರಿ ಇರ್ಲಿಲ್ಲ."

"ಒಂದು ಪೆಟ್ಟಿಗೇಲಿ ಒಳ್ಳೇವು ಬರೋದೇ ಎರಡೋ ಮೂರೋ. ಇದೆಲ್ಲ ನಿಂಗೆ ಗೊತ್ತಿರೋದೇ ಅಲ್ವಾ?"

"ಗೊತ್ತು. ಆದ್ರೆ ಅಡುಗೆಮನೆಯಿಂದ ಕೇಳಿದ್ರೆ ಏನೋ ಹೆದರ್ಕೊಂಡು ಊದೋ ಹಾಗಿದೆ. ಬಾಡಿಗೆ ಮನೇಲಿ ಓನರ್ ಮಲಗಿದಾಗ ಊದ್ತಿದ್ರಲ್ಲ, ಹಾಗೆ."

ಅವಳು ಹೋದ ಮೇಲೆ ಕಾಫಿಯನ್ನು ಬಲಗಡೆಯಿಂದಲೇ ಹೀರಿದ. ಅರ್ಧ ಕಿವಿಯವಳಿಗೇ ಇಷ್ಟು ಕೇಳಿಸುತ್ತದೆಂದರೆ ನಾಳೆ ತುಂಬಿದ ಸಭಾಂಗಣಕ್ಕೆ ಎಷ್ಟು ಕೇಳಿಸೀತು? ನಾಳೆ ಸಂಜೆ, ಅವನಿಗೆ ಹೆಸರು ತಂದ ಹಳೆಯ ರೆಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ನುಡಿಸಬೇಕು. ಪೋಸ್ಟರುಗಳಲ್ಲಿ ಅವನ ಯೌವನದ ಫೋಟೊ ಹಾಕಿದ್ದರು, ಎಲ್ಲ ಹಲ್ಲುಗಳೂ ಇರುವಂಥದ್ದು. ಹಲ್ಲಿನ ಡಾಕ್ಟರು ಕಳೆದ ವಾರವೇ ಹೇಳಿಬಿಟ್ಟಿದ್ದಳು: ಬೇರು ಹಿಡಿತ ಬಿಟ್ಟಿದೆ, ತೆಗೆಸಲೇಬೇಕು, ಆಮೇಲೆ ಹೊಸದು ಕಟ್ಟಿಸಿಕೊಂಡರೆ ನಗುವಾಗ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೇನು ನಗುವುದಿತ್ತೇ? ಸ್ಯಾಕ್ಸೊಫೋನಿನ ಮೌತ್‌ಪೀಸಿನ ಮೇಲೆ ಕೂರುವುದು ಮೇಲಿನ ಎರಡು ಹಲ್ಲು. ತಲೆಬುರುಡೆಯೊಳಕ್ಕೆ ಸ್ವರ ಏರುವುದೇ ಆ ಹಲ್ಲುಗಳ ಮೂಲಕ. ಅಪ್ಪ ಗಿರಣಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು, ಹಗಲು ನೂಲಿನ ಧೂಳು ಕುಡಿದು ಸಂಜೆ ಅದೇ ಎದೆಯಿಂದ ಊದುತ್ತಿದ್ದವನು, ಮಗನಿಗೆ ಮೊದಲ ವಾದ್ಯ ಕೊಡಿಸಿದ ದಿನ ಹೇಳಿದ್ದು ಒಂದೇ ಮಾತು. "ಹಲ್ಲು ಜೋಪಾನ. ಈ ಡಬ್ಬಾ ಹೋದ್ರೆ ಇನ್ನೊಂದು ತರಬಹುದು." ಅಪ್ಪ ಸತ್ತಾಗ ಬಾಯಲ್ಲಿ ಎಲ್ಲ ಹಲ್ಲುಗಳೂ ಇದ್ದವು, ಶ್ವಾಸಕೋಶ ಮಾತ್ರ ಇರಲಿಲ್ಲ.

ಹಲ್ಲು ಹೋಗುವುದಕ್ಕಿಂತ ಹೆಚ್ಚಾಗಿ ಅವನನ್ನು ಕಾಡುತ್ತಿದ್ದುದು ಮಾತು. ಅವರ ಕಸುಬಿನಲ್ಲಿ ಒಂದು ಮಾತಿದೆ, 'ತುಟಿ ಹೋಗಿದೆ' ಎಂದು. ಊದುವವನ ಬಾಯಿ ಕೆಟ್ಟಿತು, ಅವನ ಕೆಲಸ ಮುಗಿಯಿತು ಎಂದು ಅದರ ಅರ್ಥ. ಯಾರೂ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ. 'ಪಾಪ' ಎಂಬ ಮಾತನ್ನು ಮುಂದಿಟ್ಟು, ದನಿ ತಗ್ಗಿಸಿ, ಮರುಕದಿಂದ ಹೇಳುತ್ತಾರೆ. ಹಾಗೆ ಹೇಳಿದ ಮೇಲೆ ಅವನ ಫೋನು ಬಡಿದುಕೊಳ್ಳುವುದು ನಿಲ್ಲುತ್ತದೆ. ಕುಡಿತವನ್ನು ಕ್ಷಮಿಸುತ್ತಾರೆ, ಜಗಳವನ್ನು ಕ್ಷಮಿಸುತ್ತಾರೆ. ತುಟಿ ಹೋದವನನ್ನು ಮಾತ್ರ ಕರೆಯುವುದಿಲ್ಲ, ಅವನಿಗೆ ಮುಜುಗರವಾದೀತು ಎಂಬ ಒಳ್ಳೆಯತನದಿಂದಲೇ ಕರೆಯುವುದಿಲ್ಲ. ಆದ್ದರಿಂದ ಅವನು ಹಲ್ಲಿನ ಸುದ್ದಿಯನ್ನು ಹೆಂಡತಿಗೂ ಹೇಳಿರಲಿಲ್ಲ. ಆದರೆ ನಾಳೆಯನ್ನು ಹೇಗಾದರೂ ದಾಟಬೇಕು. ಮೌತ್‌ಪೀಸಿನ ಮೇಲಿನ ರಬ್ಬರಿನ ಪಟ್ಟಿಯನ್ನು ದಪ್ಪ ಮಾಡಿಸಿ ಭಾರವನ್ನೆಲ್ಲ ಪಕ್ಕದ ಹಲ್ಲಿನ ಮೇಲೆ ಹೇರಿದರೆ ದಾಟಬಹುದು. ಅಂಥ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವನು ಊರಿನಲ್ಲಿ ಒಬ್ಬನೇ ಇದ್ದ. ಅವನ ಹತ್ತಿರ ಹೋಗಬೇಕಲ್ಲ ಎಂದು ನೆನೆದಾಗ ಹಲ್ಲೇ ಬೇಕಾದರೆ ಉದುರಲಿ ಅನ್ನಿಸಿತು. ಆದರೂ ವಾದ್ಯದ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಗೂ ಟಿಕೆಟು ತಗೊಳ್ಳಿ ಎಂದ. ಅದರಲ್ಲಿ ವಾದ್ಯ ಇದೆ ಎಂದರೆ, ಕೂತಿರೋದು ನೀವಾ ವಾದ್ಯಾನಾ ಎಂದ. ಪಕ್ಕದವರು ನಕ್ಕರು. ತಾನೂ ನಗಬೇಕಿತ್ತು, ತುಟಿ ಮುಚ್ಚಿಕೊಂಡೇ ನಕ್ಕ, ಅದು ಅಳುವ ಮುಖದ ಹಾಗೆ ಕಂಡಿರಬೇಕು. ಕಂಡಕ್ಟರು ಟಿಕೆಟಿನ ಮಾತು ಬಿಟ್ಟು ಮುಂದಕ್ಕೆ ಹೋದ. ಕಿಟಕಿಯ ಹೊರಗೆ ಮಹಡಿಯೊಂದರ ಮೇಲೆ ಮನುಷ್ಯನಷ್ಟು ಎತ್ತರದ ಹಲ್ಲಿನ ಬೋರ್ಡು, ಅದಕ್ಕೆ ಕಣ್ಣು ಮೂಗು ಬೇರೆ ಬರೆದಿದ್ದರು. ಎಷ್ಟೋ ವರ್ಷಗಳ ಹಿಂದೆ ಅವನು ಹೋಗಿದ್ದ ಆಸ್ಪತ್ರೆಯ ಕಾರಿಡಾರೂ ಹೀಗೇ ಬೆಳ್ಳಗಿತ್ತು. ಈಗ ಯಾರ ಬಳಿ ಹೊರಟಿದ್ದನೋ ಆ ಗೆಳೆಯ, ಗಿಡ್ಡ, ಸ್ಕೂಟರಿನಿಂದ ಮುಖ ಅಡಿಯಾಗಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡು ಅಲ್ಲಿ ಮಲಗಿದ್ದ. ಗಿಡ್ಡ ಆರಡಿ ಮೀರಿದ ಆಳು. ಅವನು ಊದುವ ಟ್ರಂಪೆಟ್ಟು ತನ್ನ ಸ್ಯಾಕ್ಸೊಫೋನಿಗಿಂತ ಗಿಡ್ಡ ಎಂದು ತಾನೇ ಇಟ್ಟ ಹೆಸರು ಅದು. ಹೋಟೆಲುಗಳ ಊಟದ ಹಾಲುಗಳಲ್ಲಿ, ಚಮಚ ತಟ್ಟೆಗಳ ಸದ್ದಿನ ನಡುವೆ, ತಮ್ಮನ್ನು ಯಾರೂ ಕೇಳುತ್ತಿಲ್ಲವೆಂಬ ಧೈರ್ಯದಲ್ಲಿ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ನಿಂತು ಜಾಝ್ ಕಲಿತಿದ್ದರು. ವಾರ್ಡಿನ ಬಾಗಿಲ ಗಾಜಿನಿಂದ ನೋಡಿದ. ಕುಂಬಳಕಾಯಿಯ ಹಾಗೆ ಊದಿದ ಮುಖ, ನಿದ್ದೆ. ಎಬ್ಬಿಸುವುದು ಬೇಡ ಎಂದುಕೊಂಡ. ತಂದಿದ್ದ ಹಣ್ಣುಗಳನ್ನು ಕೂಡ ಒಳಗೆ ಇಡದೆ, ಹಿಂದಿರುಗುವಾಗ ಬಸ್ಸಿನಲ್ಲಿ ಒಂದೊಂದಾಗಿ ತಿಂದ. ಮಾರನೆಯ ದಿನ ಸ್ಟುಡಿಯೊದ ಮೆಟ್ಟಿಲ ಮೇಲೆ ಪಿಯಾನೊದವನು, ಅವರ ಬ್ಯಾಂಡಿನ ಯಜಮಾನ, ರೆಕಾರ್ಡಿಂಗ್ ಮುಂದಕ್ಕೆ ಹಾಕೋಣವೇ, ಗಿಡ್ಡನನ್ನು ನೋಡಿ ಬಂದೆಯಲ್ಲ, ಹೇಗಿದ್ದಾನೆ ಎಂದು ಕೇಳಿದ. "ಪಾಪ" ಎಂದಿದ್ದ ಇವನು, "ತುಟಿ ಹೋಗಿದೆ ಅವನದು." ಹಾಗೆ ಹೇಳುವಾಗ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ನೀರಲ್ಲ. ಪಿಯಾನೊದವನು, ಹಾಗಾದರೆ ಅವನ ಆವರ್ತವನ್ನೂ, ಅವನೊಬ್ಬನೇ ನುಡಿಸಬೇಕಿದ್ದ ಆ ಸುತ್ತನ್ನೂ, ನೀನೇ ನುಡಿಸಿಬಿಡು ಎಂದ.

ಹಾಗೆ ಒಂದು ಆವರ್ತದ ಜಾಗದಲ್ಲಿ ಅವನಿಗೆ ಎರಡು ಸಿಕ್ಕವು. ಮೊದಲನೆಯದು ಅವನದು, ಎರಡನೆಯದು ಗಿಡ್ಡನದು. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಕಾಲಿಡುವ ಮುಂಚೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. ಗಿಡ್ಡ ನಿಲ್ಲುವ ಜಾಗ ಖಾಲಿಯಿತ್ತು. ಆಗ ಎಳೆದ ಉಸಿರು ಮೈಕಿಗೆ ಬಿತ್ತು. ಆ ರೆಕಾರ್ಡಿನಿಂದ ಅವನು ದೊಡ್ಡವನಾದ. ಎರಡನೆಯ ಆವರ್ತದಿಂದ ದೊಡ್ಡವನಾದ. ಎಲ್ಲಕ್ಕಿಂತ ಹೆಚ್ಚಾಗಿ ಆ ಉಸಿರಿನಿಂದ. ಪತ್ರಿಕೆಯಲ್ಲಿ ಒಬ್ಬ ಪಂಡಿತ ಆ ಉಸಿರಿನ ಮೇಲೆಯೇ ಅರ್ಧ ಪುಟ ಬರೆದ, ಅದರಲ್ಲಿ ಅಸ್ತಿತ್ವ ಎಂಬ ಮಾತು ಹಲವು ಸಲ ಬಂದಿತ್ತು. ಕಲಿಯುವವರು ಕನ್ನಡಿಯ ಮುಂದೆ ನಿಂತು ಆ ಉಸಿರನ್ನು ಅಭ್ಯಾಸ ಮಾಡುತ್ತಾರೆ ಎಂದು ಕೇಳಿದಾಗ ಅವನಿಗೆ ಊಟ ಸೇರಿರಲಿಲ್ಲ.

ವಾದ್ಯ ರಿಪೇರಿಯ ಅಂಗಡಿ ಒಂದು ಸೈಕಲ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಶಾಲಾ ಬ್ಯಾಂಡುಗಳ ತಗ್ಗುಬಿದ್ದ ಕಹಳೆಗಳು, ವಾದ್ಯಗಳಿಂದ ಬಿಚ್ಚಿಟ್ಟ ಕೀಲಿಗಳು, ಸ್ಪಿರಿಟ್ಟಿನ ವಾಸನೆ. ಗಿಡ್ಡ ಗಲ್ಲಾದ ಹಿಂದೆ ಬೆನ್ನು ಬಾಗಿಸಿ ಕೂತಿದ್ದ, ಕೂತರೂ ಉದ್ದವಾಗಿಯೇ ಇದ್ದ.

"ಬಾ" ಎಂದ, ನಿನ್ನೆ ಹೋದವನನ್ನು ಇವತ್ತು ಕರೆಯುವ ಹಾಗೆ. "ತಲೆ ಜೋಪಾನ, ಬಾಗಿಲು ತಗ್ಗು. ಓ, ನಿಂಗೆ ತೊಂದರೆ ಇಲ್ಲ ಬಿಡು."

ಇವನು ಹವೆಯ ಬಗ್ಗೆ ಮಾತಾಡಿದ, ಬಸ್ಸಿನ ಬಗ್ಗೆ ಮಾತಾಡಿದ. ಆಮೇಲೆ ಮೌತ್‌ಪೀಸ್ ತೆಗೆದು ಗಲ್ಲಾದ ಮೇಲಿಟ್ಟ. "ಈ ಪಟ್ಟಿ ಸವೆದಿದೆ. ಸ್ವಲ್ಪ ದಪ್ಪಂದು ಹಾಕಿಕೊಡ್ತೀಯಾ?"

ಗಿಡ್ಡ ಅದನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಸವರಿದ. "ಬಲಗಡೆ ಮಾತ್ರ ಸವೆದಿದೆಯಲ್ಲೋ. ಎಡಗಡೆ ಹಲ್ಲು ಊರೋದೇ ಬಿಟ್ಟಿದೀಯಾ. ಯಾವಾಗಿಂದ ಅಲ್ಲಾಡ್ತಿದೆ?"

"ಏನು ಅಲ್ಲಾಡೋದು? ಏನಿಲ್ಲ. ಅಭ್ಯಾಸ ಹಾಗಾಗಿದೆ ಅಷ್ಟೆ."

"ಸರಿ" ಎಂದ ಗಿಡ್ಡ. ಹಳೆಯ ಪಟ್ಟಿಯನ್ನು ಬ್ಲೇಡಿನಿಂದ ಎಬ್ಬಿಸತೊಡಗಿದ. "ನಾಳೆ ಒಂದು ದಿನ ದಾಟಬೇಕು ಅಲ್ವಾ? ದಾಟುತ್ತೆ ಬಿಡು. ಮೇಲಿನ ಸ್ವರಕ್ಕೆ ಹೋದಾಗ ಮಾತ್ರ ಜೋರಾಗಿ ಕಚ್ಚಬೇಡ. ಪೋಸ್ಟರ್ ನೋಡ್ದೆ. ಚೆನ್ನಾಗಿದೀಯಾ."

ಕತ್ತರಿಸಿದ ರಬ್ಬರಿನ ಅಂಚನ್ನು ಅವನು ಉಜ್ಜುವುದನ್ನು ನೋಡುತ್ತ ನಿಂತಿದ್ದವನು, ಕೇಳಬಾರದೆಂದು ದಾರಿಯುದ್ದಕ್ಕೂ ತೀರ್ಮಾನಿಸಿಕೊಂಡು ಬಂದದ್ದನ್ನೇ ಕೇಳಿಬಿಟ್ಟ. ಕೇಳಿದ್ದು ಗೆಳೆಯನಿಗಾಗಿ ಅಲ್ಲ, ತನ್ನ ಬಾಯಿಗಾಗಿ. "ನಿಂದು ಹಲ್ಲು ಕಟ್ಟಿಸಿದ ಮೇಲೆ... ಊದಕ್ಕೆ ಆಯ್ತಾ?"

"ಮೊದಲು ಆಗ್ಲಿಲ್ಲ. ಗಾಳಿಯೆಲ್ಲ ಸೋರಿ ಸೋರಿ ಹೋಗೋದು, ಪಂಕ್ಚರ್ ಆದ ಟ್ಯೂಬ್ ಥರ. ಮುಂದಿನ ಮಳೆಗಾಲದ ಹೊತ್ತಿಗೆ ಎಲ್ಲ ಸರಿಹೋಯ್ತು."

"ಸರಿಹೋಯ್ತು ಅಂದ್ರೆ?"

"ಅಂದ್ರೆ ಸರಿಹೋಯ್ತು. ಈಗ್ಲೂ ಊದ್ತೀನಲ್ಲ. ಸಾಯಂಕಾಲ ಷಟರ್ ಎಳೆದ ಮೇಲೆ, ಆ ಹಿಂದಿನ ಕೋಣೇಲಿ. ಜೆರಾಕ್ಸ್‌ನವನು ಬೈಕೋತಾನೆ ಪಾಪ."

"ಮತ್ತೆ ಯಾಕೆ ವಾಪಸ್ ಬರ್ಲಿಲ್ಲ?"

ಗಿಡ್ಡ ತಲೆಯೆತ್ತಿದ. ಅವನ ಕಟ್ಟಿಸಿದ ಹಲ್ಲುಗಳು ತೀರ ಬಿಳಿ, ತೀರ ಸಾಲಾಗಿದ್ದವು. "ಕರೀಲಿಲ್ವಲ್ಲೋ" ಎಂದ, ಬಸ್ಸು ಬರಲಿಲ್ಲ ಎನ್ನುವಷ್ಟೇ ಸಾದಾ ದನಿಯಲ್ಲಿ. "ತುಟಿ ಹೋಗಿದೆ ಅಂತ ಯಾರೋ ಹೇಳಿದ್ರಂತೆ. ಹಲ್ಲು ಬೇರೆ ತುಟಿ ಬೇರೆ ಅಂತ ಮನೆಮನೆಗೆ ಹೋಗಿ ಹೇಳಕ್ಕಾಗುತ್ತಾ? ನೋಡು, ಈಗ ಕಚ್ಚಿ ನೋಡು."

ಕಚ್ಚಿ ನೋಡಿದ. ಹಲ್ಲಿನ ಮೇಲೆ ಭಾರವೇ ಇರಲಿಲ್ಲ. ಚಿಲ್ಲರೆಗಾಗಿ ಜೇಬು ತಡಕಾಡಿದರೆ ಗಿಡ್ಡ ಕೈ ಅಡ್ಡ ಮಾಡಿದ. ಬಾಗಿಲವರೆಗೆ ಬಂದು, "ನಾನು ಯಾರಿಗೂ ಹೇಳಲ್ಲ, ಹೆದರ್ಕೋಬೇಡ" ಎಂದ. ಮತ್ತೆ, ಏನೋ ನೆನಪಾದವನಂತೆ: "ರೆಕಾರ್ಡ್ ಆಗಾಗ ಕೇಳ್ತಿರ್ತೀನಿ. ಎರಡನೇ ಆವರ್ತ ಶುರುವಾಗೋ ಮುಂಚೆ ಅದ್ಯಾಕೋ ಅಷ್ಟು ಜೋರಾಗಿ ಉಸಿರೆಳೀತೀಯಾ?"

"ಆವತ್ತು ನೆಗಡಿಯಾಗಿತ್ತು" ಎಂದು ಹೇಳಿ ಇವನು ಬೀದಿಗಿಳಿದ.

ಸಂಜೆ ಸಭಾಂಗಣದಲ್ಲಿದ್ದ ರಿಹರ್ಸಲ್ಲಿಗೆ ಇನ್ನೂ ಹೊತ್ತಿತ್ತು. ನಡೆದೇ ಹೊರಟ. ಗಿಡ್ಡನಿಗೆ ಗೊತ್ತಿದೆಯೋ, ಇಲ್ಲವೋ? ಯಾರೋ ಹೇಳಿದ್ರಂತೆ ಎಂದನಲ್ಲ, ಆ 'ಯಾರೋ' ಎಂಬಲ್ಲಿ ಕಣ್ಣು ತನ್ನ ಮೇಲೆ ಒಂದು ಗಳಿಗೆ ನಿಂತಿತೇ? ಗೊತ್ತಿದ್ದೂ ಪಟ್ಟಿ ಹಾಕಿಕೊಟ್ಟಿದ್ದರೆ ಅದು ಬೈಗುಳಕ್ಕಿಂತ ಕೆಟ್ಟದ್ದು. ಗೊತ್ತಿಲ್ಲದೆ ಹಾಕಿಕೊಟ್ಟಿದ್ದರೆ ಇನ್ನೂ ಕೆಟ್ಟದ್ದು. ತಾನು ಮಾಡಿದ್ದಾದರೂ ಏನು? ಕೊಲೆಯಲ್ಲ, ಕಳ್ಳತನವಲ್ಲ, ಕನಿಕರಪಟ್ಟು ಒಂದು ಮಾತಾಡಿದ್ದು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಎಷ್ಟೊಂದು ವರ್ಷಗಳಿದ್ದವು. ಒಂದು ಮಳೆಗಾಲ ಕಳೆದ ಮೇಲೆ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು. ಹೋಗಲಿಲ್ಲ, ಯಾಕೆಂದರೆ ಹೋದರೆ ಅವನು ಊದಿ ತೋರಿಸಿಬಿಡುತ್ತಾನೇನೋ ಎಂದು ಹೆದರಿದ್ದ. ಈ ಹೆದರಿಕೆ ಇವತ್ತಿನವರೆಗೆ ತನಗೇ ಗೊತ್ತಿರಲಿಲ್ಲ ಎಂದು ಹೇಳಿಕೊಂಡ. ಹೇಳಿಕೊಂಡ ಕೂಡಲೇ ಅದೂ ಸುಳ್ಳೆನ್ನಿಸಿತು. ಒಂದು ವಿಚಾರ ಮಾತ್ರ ಹಲ್ಲಿಗಿಂತ ಹೆಚ್ಚು ಅಲ್ಲಾಡುತ್ತಿತ್ತು: ಹೊಸ ಹಲ್ಲಿನಿಂದ ಊದಬಹುದು ಎಂಬ ಸುದ್ದಿ ಕೇಳಿ ಮೊದಲು ಬಂದದ್ದು ನಾಚಿಕೆಯಲ್ಲ, ಸಂತೋಷ.

ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪಿಯಾನೊದವನು ಬೆರಳುಗಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ಗಂಟುಗಳು ಊದಿವೆ ಎಂಬುದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಅವನು ಯಜಮಾನ, ಅವನಿಗೆ ಭಯವಿಲ್ಲ. ಡ್ರಮ್ಮಿನವನು ತಂತಿಯ ಬ್ರಷ್ಷುಗಳನ್ನು ಬಿಚ್ಚುತ್ತಿದ್ದ. ಎರಡನೆಯ ಸ್ಯಾಕ್ಸೊಫೋನಿಗೆ ಹೊಸದಾಗಿ ಸೇರಿದ ಹುಡುಗಿ ಎದ್ದು ನಿಂತು, "ಸರ್, ಇವತ್ತು ನಿಮ್ಮ ಪಕ್ಕದಲ್ಲೇ ನಿಂತ್ಕೋತೀನಿ. ಉಸಿರು ಹತ್ತಿರದಿಂದ ಕೇಳ್ಬೇಕು" ಎಂದಳು. ಹಲ್ಲುಗಳೆಲ್ಲ ಅವಳ ಬಾಯಲ್ಲಿ ಭದ್ರವಾಗಿ ಹೊಳೆಯುತ್ತಿದ್ದವು. ಅವಳ ಹಲ್ಲನ್ನು ನೋಡಿದ್ದಕ್ಕೆ ಅವನಿಗೇ ಅಸಹ್ಯವಾಯಿತು.

ಶುರುವಾಯಿತು. ಮೊದಲ ಆವರ್ತವನ್ನು ಅವನು ನುಡಿಸಲಿಲ್ಲ, ಅದು ತಾನಾಗಿಯೇ ಬಂತು. ಎಷ್ಟೋ ದಿನಗಳ ಮೇಲೆ ಸ್ವರ ತಲೆಬುರುಡೆಯೊಳಗೆ ಏರಿತು, ಪಿಯಾನೊದವನು ತಲೆಯಾಡಿಸಿದ. ಗಿಡ್ಡನ ರಬ್ಬರಿನ ಮೇಲೆ ಬಲಗಡೆಯ ಹಲ್ಲು ಗಟ್ಟಿಯಾಗಿ ಕೂತಿತ್ತು. ಅವನ ಕೈಕೆಲಸದ ಮೇಲೆ ಕಚ್ಚಿಕೊಂಡು ಅವನ ಆವರ್ತವನ್ನೇ ನುಂಗಲು ಹೊರಟಿದ್ದೇನಲ್ಲ ಎಂದು ಅನ್ನಿಸಿದ್ದು ಅದರ ಕೊನೆಯ ಸಾಲಿನಲ್ಲಿ. ಹುಡುಗಿ ಒಂದು ಹೆಜ್ಜೆ ಹತ್ತಿರ ಬಂದಳು, ಉಸಿರು ಕೇಳಲು. ಉಸಿರೆಳೆದ. ಮೇಲಿನ ಸ್ವರಕ್ಕೆ ಹೋದ. ಕಚ್ಚಬೇಡ ಎಂದು ಗಿಡ್ಡ ಹೇಳಿದ್ದ, ಇವನು ಕಚ್ಚಿದ. ಒಳಗೆ ಎಲ್ಲೋ ಒದ್ದೆ ಕಡ್ಡಿ ಮುರಿದಂತಾಗಿ ಬಾಯಿ ಬೆಚ್ಚಗಾಯಿತು. ವಾದ್ಯ ಕೆಳಗಿಳಿಸಿ ಕೈಗೆ ಉಗುಳಿಕೊಂಡ. ಹಲ್ಲು ತಾನು ತಿಳಿದದ್ದಕ್ಕಿಂತ ಉದ್ದವಿತ್ತು, ಹಳದಿಯಿತ್ತು.

ಪಿಯಾನೊ ನಿಂತಿತು. ಯಜಮಾನ ಎದ್ದು ಬಂದು ಅಂಗೈ ನೋಡಿದ, ಮುಖ ನೋಡಿದ. ಅವನ ಮುಖದಲ್ಲಿ ಮೂಡುತ್ತಿದ್ದುದನ್ನು ಇವನು ಗುರುತಿಸಿದ. ಸ್ಟುಡಿಯೊದ ಮೆಟ್ಟಿಲ ಮೇಲೆ ತನ್ನ ಮುಖದಲ್ಲಿ ಇದ್ದದ್ದೇ ಅದು: ನಿಜವಾದ ಮರುಕ, ಅದರಲ್ಲಿ ಒಂದು ಚೂರೂ ಕಲಬೆರಕೆಯಿಲ್ಲ. ಭುಜದ ಮೇಲೆ ಕೈಯಿಟ್ಟು ಕುರ್ಚಿಯ ಮೇಲೆ ಕೂರಿಸಿದ, ನೀರು ತರಿಸಿದ. ಆಮೇಲೆ ಉಳಿದವರ ಕಡೆ ತಿರುಗಿ ದನಿ ತಗ್ಗಿಸಿ, "ಪಾಪ" ಎಂದ. ಮುಂದಿನದನ್ನು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. "ನಾಳೆ ಏನಾದ್ರೂ ಮಾಡ್ಬೇಕಲ್ಲ. ನಿಂಗೆ ಎರಡೂ ಆವರ್ತ ಬಾಯಿಪಾಠ ಬರುತ್ತಲ್ಲಮ್ಮ?"

"ಬರುತ್ತೆ. ಆದ್ರೆ ಸರ್ ಇರುವಾಗ..." ಎಂದಳು ಹುಡುಗಿ.

"ಸರ್ ಸುಧಾರಿಸ್ಕೊಳ್ಳಲಿ. ನೀನು ಮೊದಲಿಂದ ತಗೋ."

ಅವಳು ತಗೊಂಡಳು. ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕೂತಿದ್ದವನಿಗೆ ತನ್ನ ಆವರ್ತ ಎದುರಿನಿಂದ ಬರುವುದನ್ನು ಕೇಳುವುದು ವಿಚಿತ್ರವಾಗಿತ್ತು. ಒಂದು ಸ್ವರವೂ ತಪ್ಪಲಿಲ್ಲ. ಒಂದು ಕಡೆ ಆವತ್ತು ಬೆರಳು ಜಾರಿ ಆಗಿದ್ದ ತಪ್ಪನ್ನು ಕೂಡ ಅವಳು ಶ್ರದ್ಧೆಯಿಂದ ಜಾರಿಸಿದಳು. ಕೊನೆಯ ಸಾಲು ಬಂತು. ಅವಳು ನಿಲ್ಲಿಸಿ, ಪಕ್ಕಕ್ಕೆ ತುಸು ತಿರುಗಿ, ಮೈಕಿಲ್ಲದ ಆ ಹಾಲಿನ ಮೂಲೆಗೂ ಕೇಳುವ ಹಾಗೆ ಉಸಿರೆಳೆದಳು. ಅವನದೇ ಉಸಿರು. ಖಾಲಿ ಜಾಗವನ್ನು ನೋಡಿ ಎದೆ ಧಸಕ್ಕೆಂದಿದ್ದವನ ಉಸಿರನ್ನು, ಎದೆಯಲ್ಲಿ ಏನೂ ಇಲ್ಲದ ಒಳ್ಳೆಯ ಹುಡುಗಿಯೊಬ್ಬಳು ಅಚ್ಚೊತ್ತಿದ ಹಾಗೆ ಎಳೆದಿದ್ದಳು. ಇನ್ನು ನಾಳೆ ಅವಳು, ನಾಡಿದ್ದು ಅವಳಿಂದ ಕಲಿತವರು.

"ನಿಲ್ಸಮ್ಮ" ಎಂದ.

ಅವಳು ನಿಲ್ಲಿಸಿದಳು. ಪಿಯಾನೊದವನು ತಿರುಗಿದ. "ನೀನು ಮಾತಾಡ್ಬೇಡ, ರಕ್ತ ಬರ್ತಿದೆ."

"ಅಲ್ಲಿಂದ ಮುಂದಕ್ಕೆ ಅವಳಲ್ಲ. ನಾನೂ ಅಲ್ಲ. ಅದು ಗಿಡ್ಡನ ಆವರ್ತ. ಅವನನ್ನ ಕರೆಸು."

"ಯಾವ ಗಿಡ್ಡ?" ಎಂದ ಪಿಯಾನೊದವನು, ಆಮೇಲೆ ನೆನಪಾಯಿತು. "ಅವನ ತುಟಿ ಹೋಗಿ ಯಾವ ಕಾಲ ಆಯ್ತೋ. ನೀನೇ ತಾನೆ ಬಂದು ಹೇಳಿದ್ದು?"

"ಹೌದು, ನಾನೇ ಹೇಳಿದ್ದು. ಈಗ್ಲೂ ನಾನೇ ಹೇಳ್ತಿದೀನಿ. ಹೋಗಿಲ್ಲ. ಯಾವತ್ತೂ ಹೋಗಿರ್ಲಿಲ್ಲ."

ಡ್ರಮ್ಮಿನವನು ಮಾತ್ರ ಲಯ ಬಿಡದೆ ಬ್ರಷ್ಷನ್ನು ಮೆಲ್ಲಗೆ ಸವರುತ್ತಿದ್ದ, ಯಾರೂ ನುಡಿಸದ ಎರಡನೆಯ ಆವರ್ತ ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಹುಡುಗಿ ತಲೆ ತಗ್ಗಿಸಿ ವಾದ್ಯದ ಕೀಲಿಗಳನ್ನು ಸುಮ್ಮನೆ ಒತ್ತುತ್ತಿದ್ದಳು. ಅವಳ ಮುಖ ಸಣ್ಣದಾಗಿತ್ತು. ತಾನು ಹೇಳಿದ್ದು ಗಿಡ್ಡನಿಗಾಗಿಯೋ, ಇಲ್ಲ, ತನ್ನ ಜಾಗದಲ್ಲಿ ಇಷ್ಟು ಬೇಗ ಇನ್ನೊಬ್ಬರು ನಿಂತದ್ದು ಸಹಿಸಲಾರದೆಯೋ? ಎಷ್ಟು ಕೆದಕಿದರೂ ತಿಳಿಯಲಿಲ್ಲ. ನಾಲಗೆ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು.

ಪಿಯಾನೊದವನು ಕೋಟಿನಿಂದ ಫೋನು ತೆಗೆದು ಕನ್ನಡಕ ಏರಿಸಿಕೊಂಡ. "ಸರಿ. ನಂಬರ್ ಹೇಳು."

ಗಿಡ್ಡನ ನಂಬರು ಇವನಲ್ಲಿ ಇರಲಿಲ್ಲ. ಒಂದೇ ಊರಿನಲ್ಲಿ ಇಷ್ಟು ವರ್ಷ ಇದ್ದೂ ಅದನ್ನು ಅವನು ಕೇಳಿ ತೆಗೆದುಕೊಂಡಿರಲೇ ಇಲ್ಲ.

"ನಂಬರಿಲ್ಲ" ಎಂದ. "ಅಂಗಡಿ ಗೊತ್ತು." ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ವಾದ್ಯವನ್ನು ಕುರ್ಚಿಯ ಮೇಲೆಯೇ ಬಿಟ್ಟು ಎದ್ದ. ಷಟರ್ ಎಳೆಯುವ ಹೊತ್ತಾಗಿತ್ತು. ಇಷ್ಟು ಹೊತ್ತಿಗೆ ಗಿಡ್ಡ ಹಿಂದಿನ ಕೋಣೆಯಲ್ಲಿ ಊದಲು ಕೂತಿರುತ್ತಾನೆ, ಹೊರಗಿನಿಂದ ಎಷ್ಟು ಬಡಿದರೂ ಕೇಳಿಸಲಿಕ್ಕಿಲ್ಲ. ಅವನು ಮುಗಿಸುವವರೆಗೆ ಬೀದಿಯಲ್ಲಿ ಕಾಯಬೇಕಾಗುತ್ತದೆ ಎಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದ.